ಗಂಗಾವತಿಯ ಮೀಟಿಂಗಿನ ಮೇಲೆ ನನ್ನ ಹೊಟ್ಟೆಕಿಚ್ಚು

ನನ್ನ ಗಂಡ ಯಲಬುರ್ಗಾದ ಬೀಜ-ಗೊಬ್ಬರದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಾರೆ. ಕುಡಿದು ಕುಡಿದು ಹೊಟ್ಟೆ ಊದಿಕೊಂಡು ಕೊಪ್ಪಳದ ಆಸ್ಪತ್ರೆ ಸೇರಿದಾಗ ಡಾಕ್ಟರು ನನ್ನನ್ನು ಹೊರಗೆ ಕರೆದರು. "ಮೈಗೆ ನಾ ಔಷಧ ಕೊಡ್ತೀನ್ರಿ. ಮನಸಿಗೆ ನನ್ನ ಹತ್ರ ಗುಳಿಗಿ ಇಲ್ಲ. ಕುಡಿಯೂದು ಬಿಟ್ಟವ್ರು ಕೂಡಿ ಮೀಟಿಂಗ್ ಮಾಡ್ತಾರ, ಅಲ್ಲಿ ಕರ್ಕೊಂಡು ಹೋಗ್ರಿ" ಎಂದರು. ಅಂಥದ್ದೊಂದು ಇದೆ ಎಂಬುದೇ ನನಗೆ ಗೊತ್ತಿರಲಿಲ್ಲ.

ಮೊದಲು ಕೊಪ್ಪಳದ ಮೀಟಿಂಗಿಗೇ ಹೋದೆವು. ಒಳಗೆ ಕಾಲಿಟ್ಟ ಇವರು ಕೂಡಲೇ ಹೊರಗೆ ಬಂದುಬಿಟ್ಟರು. ಅಂಗಡಿಯ ಗಿರಾಕಿಯೊಬ್ಬರು ಅಲ್ಲಿ ಕೂತಿದ್ದರಂತೆ.

"ಅವ್ರೂ ಅದಕ್ಕ ಬಂದಾರಲ್ರೀ, ನಿಮಗ್ಯಾಕ ನಾಚಿಕಿ?" ಎಂದೆ. ಕೇಳಲಿಲ್ಲ.

ಕುಷ್ಟಗಿಯಲ್ಲಿ ಇನ್ನೊಂದಿದೆ ಎಂದು ತಿಳಿದು ಅಲ್ಲಿಗೂ ಕರೆದೊಯ್ದೆ. ಅಲ್ಲಿ ಹಿರಿಯರೊಬ್ಬರೇ ಮಾತಾಡುತ್ತಿದ್ದರು, ಉಳಿದವರೆಲ್ಲ ತಲೆ ತಗ್ಗಿಸಿಕೊಂಡಿದ್ದರು. "ಸಾಲ್ಯಾಗ ಮಾಸ್ತರ ಕಡಿಂದ ಬೈಸಿಕೊಂಡಂಗ ಆತು. ನಾ ಮತ್ತ ಬರೂದಿಲ್ಲ" ಎಂದರು. ಆ ವಾರವೇ ಮತ್ತೆ ಕುಡಿದು ಬಂದರು. ನನಗೆ ಬೈಯುವ ತ್ರಾಣವೂ ಇರಲಿಲ್ಲ. ಗಂಗಾವತಿಯಲ್ಲೂ ಒಂದಿದೆಯಂತೆ ಎಂದಷ್ಟೇ ಹೇಳಿದೆ.

ನಾವು ಹತ್ತಿದ ಬಸ್ಸು ಹಿಟ್ನಾಳ ದಾಟಿ, ಗದ್ದೆಗಳ ಹಸಿರಿನ ನಡುವೆ ಗಂಗಾವತಿ ಸೇರಿತು. ಅಕ್ಕಿ ಮಿಲ್ಲಿನ ಹಿಂದಿನ ಒಂದು ಕೋಣೆಯಲ್ಲಿ ಮೀಟಿಂಗು. ನಾನು ಹೊರಗೆ ಬೇವಿನ ಗಿಡದ ಕೆಳಗೆ ಕೂತೆ. ಈಗ ಬರುತ್ತಾರೆ, ಈಗ ಬರುತ್ತಾರೆ ಎಂದು ಬಾಗಿಲನ್ನೇ ನೋಡುತ್ತಿದ್ದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಒಳಗಿಂದ ನಗು ಕೇಳಿಸಿತು. ನಾಲ್ಕಾರು ಗಂಡಸರ ನಗುವಿನಲ್ಲಿ ನನ್ನ ಗಂಡನದನ್ನು ಗುರುತಿಸಿದೆ. ಮದುವೆಯಾದ ಹೊಸದರಲ್ಲಿ ಕೇಳಿದ್ದ ನಗು ಅದು. ನನಗೆ ಸಂತೋಷವಾಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಇವರ ವಾಂತಿ ಬಳಿದವಳು ನಾನು, ಹೇಮಗುಡ್ಡದ ದೇವಿಗೆ ಹರಕೆ ಹೊತ್ತವಳು ನಾನು. ಇವರು ನಕ್ಕಿದ್ದು ಮುಖ ಪರಿಚಯವೂ ಇಲ್ಲದವರ ನಡುವೆ.

ಅಂದಿನಿಂದ ಕುಡಿತ ನಿಂತಿತು. ಪ್ರತಿ ವಾರ ಗಂಗಾವತಿಗೆ ಒಬ್ಬರೇ ಹೋಗತೊಡಗಿದರು. ಬಂದ ಮೇಲೆ ಅಲ್ಲಿನ ಮಾತು ಒಂದೂ ಹೇಳುತ್ತಿರಲಿಲ್ಲ. ಅಲ್ಲಿ ಟೇಲರ್ ಒಬ್ಬರಿದ್ದರು, ಕುಡಿತ ಬಿಟ್ಟು ಬಹಳ ವರ್ಷವಾಗಿದ್ದವರು. ಇವರು ಅವರನ್ನು ಭಾಯ್ ಎನ್ನುತ್ತಿದ್ದರು. ಕುಡಿಯುವ ಆಸೆ ಕೆರಳಿದಾಗ ಅವರಿಗೆ ಫೋನ್ ಹಚ್ಚುತ್ತಿದ್ದರು. ಒಂದು ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಇವರು ಫೋನ್ ಹಿಡಿದು ಅಂಗಳಕ್ಕೆ ಹೋದರು, ರೊಟ್ಟಿಯೆಲ್ಲ ಆರಿಹೋದರೂ ಒಳಗೆ ಬರಲಿಲ್ಲ.

"ಅದನ್ನ ನನಗ ಹೇಳಿದ್ರ ಆಗ್ತಿರಲಿಲ್ಲೇನ್ರಿ?" ಎಂದು ಕೇಳಿದೆ.

"ನಿನಗ ಹೇಳಿದ್ರ ನೀ ಅಂಜ್ತಿ. ಭಾಯ್ ಅಂಜೂದಿಲ್ಲ."

ಮಾತು ಖರೇ ಇತ್ತು, ಅದಕ್ಕೇ ಹೆಚ್ಚು ಚುಚ್ಚಿತು. ಮನೆಗೆ ಬಂದವರೆಲ್ಲ ಇವರನ್ನು ಹೊಗಳುತ್ತಿದ್ದರು. "ಗಂಗಾವತಿಯವ್ರು ನನ್ನ ಮಗನ್ನ ಉಳಿಸಿದ್ರವ್ವಾ" ಎಂದು ಅತ್ತೆ ಓಣಿಗೆಲ್ಲ ಹೇಳಿಕೊಂಡು ಬಂದರು. ಅವರ ಬಾಯಲ್ಲಿ ನನ್ನ ಸುದ್ದಿಯೇ ಇರಲಿಲ್ಲ. ಫೋನಿನಲ್ಲಿ ಭಾಯ್ ಹೆಸರು ಮೂಡಿದರೆ ಸವತಿಯ ಹೆಸರು ಕಂಡಂತೆ ಉರಿಯುತ್ತಿದ್ದೆ.

ಇವರು ಕುಡಿತ ಬಿಟ್ಟು ವರ್ಷವಾದಾಗ ಮೀಟಿಂಗಿಗೆ ಮನೆಯವರನ್ನೂ ಕರೆದರು. ಆ ಭಾಯ್ ಯಾರೆಂದು ನೋಡಲೇಬೇಕೆಂದು ಇಳಕಲ್ ಸೀರೆ ಉಟ್ಟು ಹೋದೆ. ಯಾರೋ ಎತ್ತರದ ಗಂಭೀರ ಮನುಷ್ಯನನ್ನು ಊಹಿಸಿಕೊಂಡಿದ್ದೆ. ಕೆಮ್ಮುತ್ತಾ ಚಹಾ ಹಂಚುತ್ತಿದ್ದ ಸಣಕಲು ವ್ಯಕ್ತಿಯನ್ನು ತೋರಿಸಿ ಇವರು, "ಅವ್ರ ನೋಡು" ಎಂದರು. ನನ್ನ ಸಿಟ್ಟು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ತಡವರಿಸಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಮೆಲ್ಲಗೆ, "ನೀವು ಯಲಬುರ್ಗಾದವ್ರ ಮನಿಯವ್ರೇನ್ರಿ?" ಎಂದು ಕೇಳಿದರು. ಅವರೇ ಭಾಯ್ ಹೆಂಡತಿ; ಅಲ್ಲಿನ ಹೆಂಗಸರೆಲ್ಲ ಅವರನ್ನು ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದರು. ಹೌದೆಂದೆ.

"ನಿಮ್ಮ ಯಜಮಾನ್ರ ಫೋನ್ ಬಂದ್ರ ನಮ್ಮವ್ರು ಉಣ್ಣೂದು ಬಿಟ್ಟು ಎದ್ದು ಹೋಗ್ತಾರ ನೋಡ್ರಿ. ನನ್ನ ಕೂಡ ಮಾತಾಡಾಕ ಮಾತ್ರ ಪುರಸೊತ್ತಿಲ್ಲ. ಭಾಳ ಹೊಟ್ಟಿಕಿಚ್ಚು ಆಗ್ತೈತ್ರಿ ನನಗ."

"ನಿಮಗೂ ಏನ್ರಿ?" ಎಂದೆ. ನನ್ನ ದನಿ ಜೋರಾಗಿಯೇ ಬಂದಿರಬೇಕು, ಮುಂದೆ ಕೂತವರು ತಿರುಗಿ ನೋಡಿದರು. ನಾವಿಬ್ಬರೂ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆವು.

ಹೊರಡುವಾಗ ಆಪಾ ನನ್ನ ಕೈ ಹಿಡಿದರು. ಪ್ರತಿ ವಾರ ಮೀಟಿಂಗಿನ ದಿನ, ಅದೇ ಹೊತ್ತಿಗೆ ತಮ್ಮ ಮನೆಯಲ್ಲಿ ಹೆಂಗಸರು ಕೂಡುತ್ತಾರೆ ಎಂದರು. "ಯಾರೂ ಬುದ್ಧಿ ಹೇಳೂದಿಲ್ಲ. ಅವ್ರು ಮಿಲ್ಲಿನ ಕಡೆ ಹೋಗ್ಲಿ, ನೀವು ನಮ್ಮನಿಗೆ ಬರ್ರಿ."

ಮೊದಲ ವಾರ ಸುಮ್ಮನೆ ಕೂತು ಬಂದೆ. ಮುಂದಿನ ವಾರ ಬಾಯಿ ಬಿಟ್ಟೆ. "ನನ್ನ ಗಂಡ ಕುಡಿಯೂದು ಬಿಟ್ಟಾರ. ಆದ್ರೂ ನನಗ ಸಿಟ್ಟು ಐತ್ರಿ. ನಾ ಬಿಡಿಸಬೇಕಿತ್ತು, ಯಾರೋ ಬಿಡಿಸಿದ್ರು." ಯಾರೂ ಛೇ ಎನ್ನಲಿಲ್ಲ. ಇರಕಲ್ಲಗಡದಿಂದ ಬರುತ್ತಿದ್ದ ಅಜ್ಜಿಯೊಬ್ಬರು, "ಹೇಳು ಯವ್ವಾ, ಇನ್ನೂ ಐತಲ್ಲ ಒಳಗ" ಎಂದರು. ಇತ್ತು. ಹೇಳಿದೆ. ಅಳು ಬಂತು, ಅತ್ತುಬಿಟ್ಟೆ.

ಮರಳುವಾಗ ಬಸ್ಸಿನಲ್ಲಿ ಗಂಡನಿಗೂ ಹೇಳಿದೆ, ಭಾಯ್ ಮೇಲೆ ನನಗೆ ಹೊಟ್ಟೆಕಿಚ್ಚಿದೆ ಎಂದು. ಅವರು ಬೆರಗಾಗಿ ನನ್ನ ಮುಖ ನೋಡಿದರು. "ಅಂಗಡ್ಯಾಗ ಬ್ಯಾಸರ ಆದಾಗ ಕುಡಿಯಾಕ ಜೀವ ಎಳಿತೈತಿ. ಅದ ಹೇಳ್ತೀನಿ ಅವ್ರಿಗೆ, ಬ್ಯಾರೆ ಏನಿಲ್ಲ" ಎಂದು ಮೆಲ್ಲಗೆ ಶುರು ಮಾಡಿದರು. ಕೊಪ್ಪಳ ಬರುವವರೆಗೆ ನಿಲ್ಲಿಸಲಿಲ್ಲ. ನನಗೆ ಅಂಜಿಕೆಯಾಯಿತು, ಆದರೂ ಕೇಳುತ್ತಾ ಕೂತೆ.

ಈಗಲೂ ಕೆಲವು ಸಂಜೆ ಫೋನ್ ಹಿಡಿದು ಅಂಗಳಕ್ಕೆ ಹೋಗುತ್ತಾರೆ. ಈಗಲೂ ನನಗೆ ಉರಿಯುತ್ತದೆ. ಆಗ ನಾನು ಆಪಾಗೆ ಫೋನ್ ಹಚ್ಚುತ್ತೇನೆ.