ಕೋಳಿ ಫೀಡಿನ ಟ್ಯಾಕೊ

ನಮ್ಮತ್ತೆಗೂ ನನ್ನ ಮಗಳಿಗೂ ಮಾತು ನಿಂತದ್ದು ಎಮ್ಮೆಯ ಕಾರಣಕ್ಕೆ. ಎಮ್ಮೆಗೆ ಅದರ ಸುದ್ದಿಯೇ ಇರಲಿಲ್ಲ. ಅದು ಹಿತ್ತಲಲ್ಲಿ ಮೆಲುಕು ಹಾಕುತ್ತ ಎಂದಿನಂತೆ ಎರಡು ಹೊತ್ತು ಹಾಲು ಕೊಡುತ್ತಿತ್ತು.

ಮಗಳು ದಾವಣಗೆರೆಯ ಹಾಸ್ಟೆಲಿನಿಂದ ನ್ಯಾಮತಿಗೆ ರಜೆಗೆ ಬಂದವಳು, ಬ್ಯಾಗು ಇಳಿಸುವ ಮೊದಲೇ ತಾನು ವೀಗನ್ ಆಗಿದ್ದೇನೆ ಎಂದಳು. ಮಾಂಸ, ಮೀನು, ಮೊಟ್ಟೆ ಮುಟ್ಟುವುದಿಲ್ಲವಂತೆ. ಅದರಲ್ಲೇನು ಹೆಚ್ಚುಗಾರಿಕೆ, ಕೊರಳಲ್ಲಿ ಲಿಂಗ ಇರುವ ಈ ಮನೆಯಲ್ಲಿ ಅವನ್ನು ಯಾರು ಮುಟ್ಟಿದ್ದಾರೆ ಎಂದುಕೊಂಡೆ. ಆಮೇಲೆ ಪಟ್ಟಿಯ ಉಳಿದರ್ಧ ಬಂತು: ಹಾಲು, ಮೊಸರು, ಮಜ್ಜಿಗೆ, ಬೆಣ್ಣೆ, ತುಪ್ಪ. ಎಮ್ಮೆಗೆ ಹಿಂಡಿ ಕಲಸುತ್ತಿದ್ದ ಅತ್ತೆ ಕೈ ನಿಲ್ಲಿಸಿದರು.

"ನಮ್ಮೆಮ್ಮೆ ಹಾಲು ಬ್ಯಾಡ ಅಂದ್ರೆ ಈ ಮನೆ ಬ್ಯಾಡ ಅಂದಂಗೆ," ಎಂದರು.

"ಅಜ್ಜಿ, ಅದು ಅದರ ಕರುವಿನ ಹಾಲು ಕಣಜ್ಜಿ."

"ಕರಕ್ಕೆ ಬಿಟ್ಟೇ ಕರೀತೀನಿ. ನನಗೇ ಹೇಳಾಕೆ ಬರ್ತೀಯ?"

ಅಲ್ಲಿಗೆ ಮುಗಿಯಿತು. ಅತ್ತೆ ತಮ್ಮ ಊಟದ ಹೊತ್ತನ್ನೇ ಬದಲಾಯಿಸಿಕೊಂಡರು. ಇದು ನನಗೆ ಸಣ್ಣ ವಿಷಯವಾಗಿರಲಿಲ್ಲ. ಮಗಳಿಗೆ ಹಲ್ಲು ಬಂದಾಗಿನಿಂದ ಅತ್ತೆ ತಮ್ಮ ತಟ್ಟೆಯ ಮೊಸರನ್ನದ ಕೊನೆಯ ತುತ್ತನ್ನು ತಾವು ತಿಂದದ್ದಿಲ್ಲ. ಅದು ಮೊಮ್ಮಗಳದು. ಅವಳು ಹಾಸ್ಟೆಲಿನಲ್ಲಿದ್ದಾಗ ಮಾತ್ರ ಅದು ಎಮ್ಮೆಯ ಕಲಗಚ್ಚಿಗೆ ಹೋಗುತ್ತಿತ್ತು. ಈಗ ಮಗಳು ಮನೆಯಲ್ಲೇ ಇದ್ದರೂ ತಟ್ಟೆ ಆ ತುತ್ತಿನ ಸಮೇತ ತೊಳೆಯಲು ಬರುತ್ತಿತ್ತು. ಎರಡು ದಿನ ತೊಳೆದೆ. ಮೂರನೆಯ ದಿನ ಅಳು ಬಂತು, ಸಿಟ್ಟೂ ಬಂತು. ಸೋಮವಾರ ಬೆಳಿಗ್ಗೆಯ ಬಸ್ಸಿಗೆ ಅವಳು ಹೊರಟುಬಿಡುತ್ತಾಳೆ. ಅಷ್ಟರೊಳಗೆ ಇವರಿಬ್ಬರೂ ಒಮ್ಮೆಯಾದರೂ ಒಟ್ಟಿಗೆ ಕೂತು ಉಣ್ಣಬೇಕು ಎಂದು ಹಟ ಹಿಡಿದೆ. ನಾನು ಹೊನ್ನಾಳಿಯ ಶಾಲೆಯೊಂದರಲ್ಲಿ ಗಣಿತ ಹೇಳುವವಳು. ಬಿಡಿಸಲಾಗದ ಲೆಕ್ಕ ಕಂಡರೆ ಮೈ ಉರಿಯುತ್ತದೆ.

"ಭಾನುವಾರ ಟ್ಯಾಕೊ ಮಾಡೋಣಮ್ಮ," ಎಂದಳು ಮಗಳು. ಫೋನಿನಲ್ಲಿ ಚಿತ್ರ ತೋರಿಸಿದಳು. ಮಡಚಿದ ರೊಟ್ಟಿ, ಅದರೊಳಗೆ ಪಲ್ಯ. ಅದನ್ನು ನನ್ನ ತವರು ಜಗಳೂರಿನ ಕಡೆ ಹೊಲದ ಬದುವಿನ ಮೇಲೆ ದಿನಾ ತಿನ್ನುತ್ತಾರೆ, ಹೆಸರಿಟ್ಟಿಲ್ಲ ಅಷ್ಟೆ. ಆದರೆ ಇವಳದು ಮೆಕ್ಕೆಜೋಳದ್ದಾಗಬೇಕಂತೆ, ಒಳಗಿನದು ಮಾಂಸದ ಹಾಗಿರಬೇಕಂತೆ.

"ಮಾಂಸ ಬಿಟ್ಟೋಳಿಗೆ ಮಾಂಸದಂಗಿರೋದು ಯಾಕೆ ಬೇಕೇ?"

"ಅದೇ ಅಮ್ಮ ಮಜಾ. ಸೋಯಾದಲ್ಲಿ ಮಾಡಿದ್ರೆ ಹೋಟೆಲಿನ ಒಂದರ ದುಡ್ಡಲ್ಲಿ ಮನೆ ಮಂದಿಗೆಲ್ಲ ಆಗತೈತೆ."

ಅಗ್ಗದ ಮಾತು ನನಗೆ ಹಿಡಿಸಿತು. ಸೋಯಾ ಚಂಕ್ಸ್ ಪೊಟ್ಟಣ ತಂದೆ. ಮೆಕ್ಕೆಜೋಳಕ್ಕೆ ಅಂಗಡಿಗೆ ಹೋಗುವುದೇ ಬೇಡ. ನನ್ನ ಗಂಡ ಸುತ್ತಲ ಹಳ್ಳಿಗಳಲ್ಲಿ ಜೋಳ ಕೊಂಡು ಕೋಳಿ ಫೀಡಿನ ಕಾರ್ಖಾನೆಗೆ ಕಳಿಸುವವರು. ಪಡಸಾಲೆಯಲ್ಲಿ ಚೀಲಗಳನ್ನು ದಾಟಿಕೊಂಡೇ ನಾವು ದೇವರ ಮನೆಗೆ ಹೋಗುತ್ತೇವೆ.

ನಾನು ಚೀಲದ ಬಾಯಿ ಬಿಚ್ಚಿದಾಗ ಅವರು ಕೇಳಿದರು, "ಕೋಳಿ ಸಾಕ್ತೀರೇನು?"

"ಊಟಕ್ಕೆ."

"ಯಾರ ಊಟಕ್ಕೆ?"

ಮಗಳು ವಿವರಿಸಿದಳು. ಜೋಳ, ಸೋಯಾ. ಅವರು ಬೆರಳು ಮಡಚುತ್ತ ಕೇಳಿಸಿಕೊಂಡು ನಕ್ಕರು. "ಇದು ಪಕ್ಕಾ ಬಾಯ್ಲರ್ ಫೀಡ್ ಕಣೇ. ಕೋಳಿ ತಿನ್ನೋದನ್ನೆಲ್ಲ ನೀವೇ ತಿಂದು, ಕೋಳಿ ತಿಂದಂಗೈತೆ ಅಂತೀರಾ? ಸುಣ್ಣ ಒಂದು ಕಮ್ಮಿ ಐತೆ ನೋಡು."

ಮಗಳು ಫೋನು ನೋಡಿ ಸಪ್ಪಗಾದಳು. ಸುಣ್ಣವೂ ಬೇಕಿತ್ತು. ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ಉಜ್ಜಿ ತೊಳೆದು ರುಬ್ಬಿದರೆ ಮಾತ್ರ ಹಿಟ್ಟು ಕೂಡಿಕೊಳ್ಳುತ್ತದಂತೆ. ನನ್ನ ಗಂಡ ಗೋಡೆಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಮನೆಯಲ್ಲಿ ಸುಣ್ಣವಿದ್ದದ್ದು ಒಂದೇ ಕಡೆ, ಅತ್ತೆಯ ಎಲೆಯಡಿಕೆ ಚೀಲದಲ್ಲಿ. ಮಗಳು ಕೇಳುವಂತಿಲ್ಲ, ಮಾತಿಲ್ಲ. ನಾನೇ ಹೋಗಿ, "ಅತ್ತೆ, ಸ್ವಲ್ಪ ಸುಣ್ಣ ಕೊಡ್ರಿ," ಎಂದೆ. ಅವರು ನನ್ನ ಬಾಯಿ ನೋಡಿದರು. ಮದುವೆಯಾಗಿ ಬಂದಾಗಿನಿಂದ ನಾನು ಎಲೆ ಹಾಕಿದವಳಲ್ಲ. "ಎಷ್ಟು?" ಎಂದರು. "ಒಂದು ಸೇರು ಜೋಳಕ್ಕಾಗೋವಷ್ಟು," ಎಂದುಬಿಟ್ಟೆ. ಸುಳ್ಳು ಹೇಳಲು ಬಾರದ್ದು ನನ್ನ ದೊಡ್ಡ ದೋಷ. ಅತ್ತೆ ಏನೂ ಕೇಳದೆ ಡಬ್ಬಿಯನ್ನೇ ಕೊಟ್ಟರು. ಆಮೇಲೆ ಯಾರಿಗೂ ಅಲ್ಲ ಎನ್ನುವಂತೆ, "ಚೆನ್ನಾಗಿ ತೊಳೀರಿ, ಬಾಯಿ ಸುಟ್ಟಾತು," ಎಂದರು.

ಭಾನುವಾರ ಬೆಳಿಗ್ಗೆ ಅಡಿಗೆಮನೆ ರಣರಂಗವಾಯಿತು. ಹಿಟ್ಟು ನಿಜಕ್ಕೂ ಕೂಡಿಕೊಂಡಿತು. ಎಣ್ಣೆ ಪ್ಯಾಕೆಟ್ಟಿನ ಹಾಳೆಗಳ ನಡುವೆ ಇಟ್ಟು ತಟ್ಟಿದೆ. ಬಿಸಿ ರೊಟ್ಟಿ ಬಾಗಲೆಂದು ಎರಡು ಡಬ್ಬಿಗಳ ನಡುವೆ ಲಟ್ಟಣಿಗೆ ಇಟ್ಟು ಅದರ ಮೇಲೆ ನೇತುಹಾಕಿದೆವು. ಸಾಲಾಗಿ ನೇತಾಡುವ ರೊಟ್ಟಿಗಳು ಒಣಗಲು ಹಾಕಿದ ಮಕ್ಕಳ ಚಡ್ಡಿಗಳ ಹಾಗೆ ಕಾಣುತ್ತಿದ್ದವು. ಸೋಯಾ ಬಿಸಿನೀರಿನಲ್ಲಿ ಉಬ್ಬಿತು. ಅದನ್ನು ಹಿಂಡಿ, ಮಿಕ್ಸಿಯಲ್ಲಿ ತರಿ ಮಾಡಿ, ಬೆಳ್ಳುಳ್ಳಿ, ಜೀರಿಗೆ, ಬ್ಯಾಡಗಿ ಮೆಣಸಿನಕಾಯಿ, ಟೊಮೆಟೊ ಹಾಕಿ ಹುರಿದೆ. ಮೇಲೆ ಹಾಕಲು ಮಗಳು ಹಿಂದಿನ ದಿನವೇ ಶೇಂಗಾ ರುಬ್ಬಿ, ಸೋಸಿ, ಆ ಹಾಲಿಗೆ ಮೆಣಸಿನಕಾಯಿ ತೊಟ್ಟು ಹಾಕಿ ಹೆಪ್ಪಿಟ್ಟಿದ್ದಳು. ಬಾಗಿಲಲ್ಲಿ ನಿಂತಿದ್ದ ಅತ್ತೆ ಅದನ್ನು ನೋಡಿ, ಮಗಳಿಗೆ ಕೇಳಲೆಂದೇ ನನ್ನನ್ನು ಕೇಳಿದರು:

"ಶೇಂಗಾ ಕರೆಯಾಕೆ ಯಾವ ಮಗ್ಗುಲಿಗೆ ಕುಂದ್ರಬೇಕಂತೆ?"

ಮಗಳಿಗೆ ನಗು ತಡೆಯಲಾಗಲಿಲ್ಲ. ಆದರೆ ಅಜ್ಜಿಯ ಮುಖ ಬಿಗಿದೇ ಇತ್ತು.

ಬಾಣಲೆಯಲ್ಲಿದ್ದದ್ದು ಕಂದು ಬಣ್ಣಕ್ಕೆ ತಿರುಗಿ, ನೋಡಲು ಅಂಜಿಕೆಯಾಗುವಂತಾಯಿತು. ಥೇಟ್ ಖೀಮಾ ಥರ ಬಂದಿದೆ ಎಂದಳು ಮಗಳು. ನಿನಗೆ ಹೇಗೆ ಗೊತ್ತು ಎಂದೆ. ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಯಾರೂ ನೋಡದ ಮನುಷ್ಯನ ಚಿತ್ರ ಬರೆದು ಹೋಲಿಕೆ ಸರಿಯಾಗಿದೆಯೇ ಎಂದು ಕೇಳುವ ಪರಿಸ್ಥಿತಿ ನಮ್ಮದಾಗಿತ್ತು.

ಮಧ್ಯಾಹ್ನ ಅತ್ತೆ ಪೂಜೆ ಮುಗಿಸಿ ಬಂದು ನೆಲದ ಮೇಲೆ ತಮ್ಮ ಜಾಗದಲ್ಲಿ ಕೂತರು. ಬೇರೇನೂ ಮಾಡಿರಲಿಲ್ಲ, ಉಣ್ಣುವುದಾದರೆ ಇದನ್ನೇ ಉಣ್ಣಬೇಕಿತ್ತು. ಅಷ್ಟು ನಾನು ಮೊದಲೇ ಲೆಕ್ಕ ಹಾಕಿದ್ದೆ. ಮಗಳು ದೂರದ ಕುರ್ಚಿಯಲ್ಲಿ ಕೂತಳು. ಗಂಡ ಮೊದಲು ಕಚ್ಚಿದರು.

"ಉಪ್ಪು ಸರಿ ಐತೆ," ಎಂದರು. ಇನ್ನೊಂದು ಕಚ್ಚಿ ಮೈಮರೆತು ಅಗಿದರು. "ಇನ್ನೊಂಚೂರು ಎಳೆ ಎಳೆ ಬಂದಿದ್ರೆ..."

ಬಾಯಿ ಮುಚ್ಚಿತು, ತಡವಾಗಿ. ನಾನು ಸೌಟು ಹಿಡಿದು ಅವರನ್ನೇ ನೋಡಿದೆ. ಅವರು ಫ್ಯಾನು ನೋಡಿದರು.

"ಅವನ ಮಾತು ಏನು ಕೇಳ್ತೀಯ," ಎಂದರು ಅತ್ತೆ, ರೊಟ್ಟಿಯನ್ನು ತಿರುವಿ ನೋಡುತ್ತ. "ಅವನು ತಿಂದಿರೋದು ಚನ್ನಗಿರಿ ರಸ್ತೆ ಹೋಟೆಲಿಂದು. ಅಂಗಿ ಒಗೆಯೋಳು ನಾನಲ್ವಾ, ವಾಸನೆ ಗೊತ್ತಾಗಲ್ವಾ?" ಒಂದು ತುಂಡು ಕಚ್ಚಿ ನಿಧಾನವಾಗಿ ಅಗಿದರು. "ಇದು ಕೋಳಿ ಥರ ಇಲ್ಲ."

ಮಗಳೇ ಕೇಳಿದಳು, "ನಿನಗೆ ಹೆಂಗೆ ಗೊತ್ತಜ್ಜಿ?"

ಅತ್ತೆ ಸೂಳೆಕೆರೆ ದಂಡೆಯ ಹಳ್ಳಿಯವರು. ಅವರು ತಟ್ಟೆ ನೋಡಿಕೊಂಡೇ ಹೇಳಿದರು. "ಕೆರೆ ಏರಿ ಕೆಳಗೆ ನನ್ನ ಗೆಳತಿ ಮನೆ ಇತ್ತು. ಹತ್ತು ವರ್ಷದೋಳಿರಬೇಕು ನಾನು. ಅವರ ಮನೆಯಾಗೆ ಕೋಳಿ ಮಾಡಿದ್ರು, ಆಕೆ ತಟ್ಟೆಯಾಗೇ ನಾಲ್ಕು ತುತ್ತು ತಿಂದೆ. ನಮ್ಮವ್ವಗೆ ಗೊತ್ತಾತು. ಗಂಜಲ ಕುಡಿಸಿದ್ಲು, ಹೊಡೆದ್ಲು. ಅದೆಲ್ಲ ಹೋಗ್ಲಿ. ಆಕೆ ಮನೆಗೆ ಮತ್ತೆ ಹೋಗಾಕೆ ಬಿಡ್ಲಿಲ್ಲ. ಆಮೇಲೆ ಕೆರೆ ತಾವ ಎದುರಿಗೆ ಸಿಕ್ಕರೂ ಆಕೆ ನನ್ನ ಮಾತಾಡಿಸ್ಲಿಲ್ಲ."

"ರುಚಿ ಹೆಂಗಿತ್ತು?"

"ಅದ್ಯಾರಿಗೆ ನೆನಪೈತೆ? ಇಬ್ರೂ ಒಂದೇ ತಟ್ಟೆಯಾಗೆ ತಿಂದಿದ್ದು ನೆನಪೈತೆ."

ರುಚಿಯೇ ನೆನಪಿಲ್ಲದ ಮೇಲೆ ಇದು ಕೋಳಿಯ ಥರ ಇಲ್ಲ ಎಂದು ಹೇಳಿದ್ದು ಹೇಗೆ ಎಂಬ ಗಣಿತದವಳ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂತು. ನುಂಗಿದೆ.

ಮಗಳು ಕುರ್ಚಿಯಿಂದ ಇಳಿದು ಬಂದು ಅಜ್ಜಿಯ ಪಕ್ಕ ನೆಲದ ಮೇಲೆ ಕೂತಳು. ಅತ್ತೆ ಅವಳ ಕಡೆ ನೋಡಲಿಲ್ಲ. ತಟ್ಟೆಯನ್ನು ಒಂದು ಗೇಣು ಅವಳತ್ತ ಸರಿಸಿದರು.

"ಅದೇನೋ ಶೇಂಗಾ ಮೊಸರು ಮಾಡಿದ್ಯಲ್ಲ," ಎಂದರು. "ಒಂದು ಚಮಚ ಹಾಕು. ಎಮ್ಮೆಗೆ ಹೇಳಬ್ಯಾಡ."

ಮಗಳು ಎರಡು ಚಮಚ ಹಾಕಿದಳು. ಆ ಮಧ್ಯಾಹ್ನ ತೊಳೆಯಲು ಬಂದ ತಟ್ಟೆಯಲ್ಲಿ ಏನೂ ಉಳಿದಿರಲಿಲ್ಲ.