ಎದುರಿಗೆ ಕೂರುವವರೊಬ್ಬರು ಬೇಕೆಂದು ಹೂ ಕೇಳಿದೆ

ಹೋದ ವರ್ಷ ಲಗ್ನದ ದಿನಗಳಲ್ಲಿ ಒಬ್ಬ ಮದುಮಗಳ ಧಾರೆ ಸೀರೆಯನ್ನು, ಹೊತ್ತಿಗೆ ಮುಗಿಸಲಾಗದೆ, ಕುಚ್ಚು ಕಟ್ಟದೆಯೇ ವಾಪಸ್ ಕೊಟ್ಟೆ. ಆ ಸಂಕಟದಿಂದ ನಮ್ಮೂರ ಗುಡಿಯ ಅಮ್ಮ ನನ್ನನ್ನು ಹೇಗೆ ಎತ್ತಿದಳೆಂದು ಅವಳನ್ನು ನಂಬಿದವರ ಮುಂದೆ ಹೇಳಿಕೊಳ್ಳಬೇಕು.

ನಮ್ಮ ಮನೆ ಚಳ್ಳಕೆರೆಯಲ್ಲಿ. ಯಜಮಾನರು ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದು ಕಡಿಮೆ. ಮಕ್ಕಳಿಲ್ಲ. ಮೊಳಕಾಲ್ಮೂರಿನ ಅಂಗಡಿಯೊಂದರಿಂದ ಬಸ್ಸಿನಲ್ಲಿ ರೇಷ್ಮೆ ಸೀರೆ ತಂದು, ಸೆರಗಿಗೆ ಕುಚ್ಚು ಕಟ್ಟಿಕೊಡುವ ಕೆಲಸ ಆಗಷ್ಟೇ ಶುರು ಮಾಡಿದ್ದೆ. ತರುವವಳೂ ನಾನೇ, ಕಟ್ಟುವವಳೂ ನಾನೇ, ಫೋನ್ ಎತ್ತುವವಳೂ ನಾನೇ. ಇನ್ನೊಂದು ಸಲ ಹೀಗಾದರೆ ಸೀರೆ ಕೊಡುವುದಿಲ್ಲ ಎಂದು ಅಂಗಡಿಯವರು ಹೇಳಿಬಿಟ್ಟರು.

ಒಬ್ಬರನ್ನು ಇಟ್ಟುಕೊಳ್ಳುವಷ್ಟೇ ನನ್ನ ಶಕ್ತಿ. ಯಾರನ್ನು ಮೊದಲು? ಫೋಟೊ ಹಾಕಿ ಆರ್ಡರ್ ಹಿಡಿಯುವವರು ಬೇಕೆಂದರು ನಾದಿನಿ. ಬಸ್ಸಿಗೆ ಓಡಾಡಲು ಜನ ಇಟ್ಟುಕೋ ಎಂದರು ಯಜಮಾನರು. ನನ್ನ ಮಧ್ಯಾಹ್ನಗಳು ಅವರಿಗೆ ಗೊತ್ತಿರಲಿಲ್ಲ. ಫೋನ್ ಬಾರದ ದಿನ, ಸಂಜೆ ಹಾಲಿನವರ ಜೊತೆ ಆಡಿದ್ದೇ ಬೆಳಗಿನಿಂದ ಮೊದಲ ಮಾತಾಗಿರುತ್ತಿತ್ತು.

ಒಂದು ಮಂಗಳವಾರ ಅಮ್ಮನ ಗುಡಿಯಲ್ಲಿ ಹೂ ಕೇಳಲು ಕೂತೆ. ಬಲಗಡೆ ಬಿದ್ದರೆ ಫೋನಿಗೆ ಜನ, ಎಡಗಡೆ ಬಿದ್ದರೆ ಬಸ್ಸಿಗೆ ಎಂದುಕೊಂಡೆ. ಅಮ್ಮನ ಮೇಲಿಟ್ಟ ಹೂ ಅಲುಗಲಿಲ್ಲ. ಏನು ಕೇಳಿದೆ ಎಂದು ಪೂಜಾರಪ್ಪ ವಿಚಾರಿಸಿದರು. ಹೇಳಿದೆ.

"ಅಲ್ಲವ್ವ, ಬಸ್‌ಸ್ಟ್ಯಾಂಡಾಗೆ ದಾರಿ ಕೇಳ್ದಂಗೆ ಎಡಕ್ಕಾ ಬಲಕ್ಕಾ ಅಂತೀಯಲ್ಲ! ಬಲ ಅಂದ್ರೆ ಆಗ್ತೈತೆ, ಎಡ ಅಂದ್ರೆ ಬ್ಯಾಡ. ಒಂದು ಹೂವಿಗೆ ಒಂದೇ ಮಾತು. ನಿಂಗೇನು ಬೇಕೋ ಅದ್ನ ಕೇಳು."

ಕಣ್ಣು ಮುಚ್ಚಿದೆ. ನಾದಿನಿ ಹೇಳಿದ್ದು ನೆನಪಿಗೆ ಬರಲಿಲ್ಲ, ಯಜಮಾನರು ಹೇಳಿದ್ದೂ ಬರಲಿಲ್ಲ. ನನ್ನ ಎದುರು ಕೂತು ಕುಚ್ಚು ಕಟ್ಟುವವರೊಬ್ಬರು ಬೇಕು ತಾಯಿ, ಎಂದೆ. ಬಲಗಡೆಯಿಂದ ಹೂ ಜಾರಿತು.

ಹಿಂದೆ ಕೂತಿದ್ದ ಹಿರಿಯ ಹೆಂಗಸು ಇದನ್ನೆಲ್ಲ ಕೇಳಿಸಿಕೊಂಡಿದ್ದರು. ದೇವಸಮುದ್ರದ ತಿಪ್ಪಮ್ಮ, ಇಲ್ಲಿ ಮಗಳ ಮನೆಯಲ್ಲಿರುವವರು. ಹೊರಗೆ ಬಂದು ನನ್ನನ್ನು ನಿಲ್ಲಿಸಿದರು.

"ರೇಷ್ಮೆ ಮುಟ್ಟಿಲ್ಲವ್ವ ನಾನು. ಕಂಬಳಿ ಅಂಚಿಗೆ ಗಂಟು ಹಾಕಾಕೆ ಬರ್ತೈತೆ. ಕಲಿಸ್ತೀಯಾ?"

"ಬರ್ರಿ, ಕಲಿಸ್ತೀನಿ," ಎಂದೆ.

ಕಂಬಳಿ ಎಳೆದ ಕೈ ಅದು. ಮೊದಮೊದಲು ಜಗ್ಗಿ ಜಗ್ಗಿ ರೇಷ್ಮೆ ಎಳೆ ಕಿತ್ತುಬಂತು. ಹಳೆ ಸೀರೆಯೊಂದನ್ನು ಕೊಟ್ಟು ಪಳಗಿಸಿದೆ. ಆಮೇಲೆ ಒಂದು ಸೀರೆಯೂ ತಡವಾಗಲಿಲ್ಲ, ಅಂಗಡಿಯವರು ಈಗಲೂ ಕೊಡುತ್ತಿದ್ದಾರೆ. ಫೋನೂ ಬಸ್ಸೂ ಇನ್ನೂ ನನ್ನವೇ. ಅವಕ್ಕೆ ಜನ ಬೇಕಾದಾಗ ಮತ್ತೆ ಅಮ್ಮನನ್ನೇ ಕೇಳುತ್ತೇನೆ, ಒಂದು ಸಲಕ್ಕೆ ಒಂದೇ.

ಸಂಜೆ ತಿಪ್ಪಮ್ಮ ಹೊರಟ ಮೇಲೆ ಮನೆ ಮೊದಲಿನಂತೆಯೇ ಸುಮ್ಮನಾಗುತ್ತದೆ. ಆದರೆ ತೊಳೆಯಲು ಎರಡು ಟೀ ಲೋಟ ಇರುತ್ತವೆ. ಅವನ್ನು ಬೋರಲು ಹಾಕಿ, ಒದ್ದೆ ಕೈಯಲ್ಲೇ ಅಮ್ಮನಿಗೆ ಕೈ ಮುಗಿಯುತ್ತೇನೆ.