ಸ್ಟಾಕ್ ಬುಕ್ಕಿನಲ್ಲಿ ಇಲ್ಲದ ಮೈಕ್ರೋಸ್ಕೋಪು

ಉಡುಪಿಯ ನಮ್ಮ ಕಾಲೇಜಿನ ಸ್ಟೋರ್ ಕೀಪರಿಗೆ ಕಣ್ಣಿಗಿಂತ ಸ್ಟಾಕ್ ಬುಕ್ಕಿನ ಮೇಲೆ ನಂಬಿಕೆ ಹೆಚ್ಚು. ಏನು ಕೇಳಿದರೂ ಬೆರಳಿಗೆ ಎಂಜಲು ಹಚ್ಚಿ, "ಬುಕ್ಕಿನಲ್ಲಿ ಉಂಟಾ ನೋಡುವ" ಎಂದು ಪುಟ ತಿರುವುತ್ತಿದ್ದರು.

ಕೊನೆಯ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನ್ನ ಮೈಕ್ರೋಸ್ಕೋಪು ಕೈಕೊಟ್ಟಿತು. ಬೇರೊಂದು ಸಿಗದಿದ್ದರೆ ನಮ್ಮ ಕುಟುಂಬದ ಮೊದಲ ಡಿಗ್ರಿ ಹೋದ ಹಾಗೆಯೇ. ಸ್ಟೋರಿಗೆ ಓಡಿದೆ. ಅವರ ಬೆನ್ನ ಹಿಂದಿನ ಕಪಾಟಿನಲ್ಲೇ ಒಂದಿತ್ತು.

ಪುಟಗಳೆಲ್ಲ ಮುಗಿದವು. "ಬುಕ್ಕಿನಲ್ಲಿ ಇಲ್ಲ. ಹಾಗಾದರೆ ಅದು ಇಲ್ಲ."

"ಇಲ್ಲದ್ದನ್ನು ನಾನು ಕೊಂಡುಹೋದರೆ ನಿಮಗೆ ಎಂತ ತೊಂದರೆ ಸಾರ್?"

ಅವರು ನನ್ನನ್ನೇ ದಿಟ್ಟಿಸಿದರು. "ಅದೂ ಹೌದು ಮಾರಾಯ. ಸಹಿಯೂ ಬೇಡ, ಓಡು!"

ಪರೀಕ್ಷೆ ಮುಗಿಸಿ ಹಿಂದಿರುಗಿಸಲು ಹೋದೆ. "ನಮ್ಮಲ್ಲಿ ಇಲ್ಲದ್ದನ್ನು ವಾಪಸು ತೆಗೊಳ್ಳುವುದು ಹೇಗೆ?" ಎಂದವರು, ಪೆನ್ನು ತೆಗೆದು ಹೊಸ ಸಾಲು ಬರೆದರು: ಮೈಕ್ರೋಸ್ಕೋಪು ಒಂದು, ದಾನವಾಗಿ ಬಂದದ್ದು. ದಾನಿಯ ಜಾಗದಲ್ಲಿ, ಫೀಸು ಮಾಫಿಯಲ್ಲಿ ಓದುತ್ತಿದ್ದ ನನ್ನ ಹೆಸರು!